ಲದ್ದಿ ನೋಡದೆ ಔಷಧಿ ಬೇಡ

ಮಾನ್ಯರೇ,

ಕುದುರೆಗಳಿಗೆ ಎರಡು ತಿಂಗಳಿಗೊಮ್ಮೆ ತಪ್ಪದೆ ಜಂತುಹುಳದ ಔಷಧಿ ಕೊಡಬೇಕು ಎಂಬ ಸಲಹೆ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಹದಿನೆಂಟು ವರ್ಷ ನಾನೂ ಹಾಗೇ ಕೊಟ್ಟವನು. ಈಗ ಬಿಟ್ಟಿದ್ದೇನೆ.

ನನ್ನ ಲಾಯದಲ್ಲಿ ಪಕ್ಕೆಲುಬು ಎಣಿಸಬಹುದಾದ ಒಂದು ಮುದಿ ಗಂಡುಕುದುರೆಯಿದೆ, ಮೈ ಮಿರಮಿರ ಮಿನುಗುವ ಒಂದು ಹೆಣ್ಣುಕುದುರೆಯಿದೆ. ಹುಳ ಯಾವುದಕ್ಕಿದೆ ಎಂದರೆ ಯಾರಾದರೂ ಮುದುಕನತ್ತಲೇ ಕೈ ತೋರಿಸುತ್ತಿದ್ದರು. ಹೊಸದಾಗಿ ಬಂದ ಪಶುವೈದ್ಯರು ಮಾತ್ರ ಮೊದಲು ಎರಡರ ಲದ್ದಿಯನ್ನೂ ತರಿಸಿದರು. ಇನ್ನೂ ಬಿಸಿಯಿದ್ದ ಉಂಡೆಗಳನ್ನು ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ತಣ್ಣಗಿಟ್ಟು ಅಂದೇ ಮುಟ್ಟಿಸಿದೆ. (ಫ್ರಿಜ್ಜಿನಲ್ಲಿಟ್ಟಿದ್ದಕ್ಕೆ ಮನೆಯಲ್ಲಿ ಮಂಗಳಾರತಿಯೂ ಆಯಿತು.) ಪರೀಕ್ಷೆಯಲ್ಲಿ ಕಂಡ ಹುಳದ ಮೊಟ್ಟೆ, ಗ್ರಾಂ ಲದ್ದಿಗೆ ಮುದುಕನದ್ದು 50, ಹೆಣ್ಣುಕುದುರೆಯದ್ದು 1,150! ಮುದುಕ ಸೊರಗಿದ್ದು ಹಲ್ಲಿನಿಂದ. ದವಡೆ ಹಲ್ಲಿನ ಅಂಚು ಚೂಪಾಗಿ, ಅರೆ ಅಗಿದ ಹುಲ್ಲನ್ನು ಮುದ್ದೆ ಮುದ್ದೆಯಾಗಿ ಉಗುಳುತ್ತಿದ್ದ. ದಿನಾ ಗುಡಿಸುತ್ತಿದ್ದ ನನಗೇ ಅದು ಹೊಳೆದಿರಲಿಲ್ಲ.

ಬೆಳೆದ ಕುದುರೆಯಲ್ಲಿ ಎಣಿಕೆ 200ರ ಒಳಗಿದ್ದರೆ ಸಾಮಾನ್ಯವಾಗಿ ಆಗಲೇ ಔಷಧಿ ಬೇಕಿಲ್ಲ, 500 ದಾಟಿದರೆ ಬೇಕು, ನಡುವಿನದ್ದು ವೈದ್ಯರ ವಿವೇಚನೆ. ಹಿಂಡಿನ ಸುಮಾರು ಶೇ 20ರಷ್ಟು ಕುದುರೆಗಳೇ ಶೇ 80ರಷ್ಟು ಮೊಟ್ಟೆಗಳನ್ನು ಮೇವಿನ ನೆಲಕ್ಕೆ ಉದುರಿಸುತ್ತವಂತೆ. ಹಾಗಿರುವಾಗ ಎಲ್ಲಕ್ಕೂ ಔಷಧಿ ಕುಡಿಸಿದರೆ, ಅದಕ್ಕೆ ಬಗ್ಗದ ಹುಳಗಳನ್ನು ನಾವೇ ಸಾಕಿದಂತೆ.

ನನ್ನಲ್ಲಿ ಆಗಿದ್ದೂ ಅದೇ. ಹೆಣ್ಣುಕುದುರೆಗೆ ಎಂದಿನ ಫೆನ್‌ಬೆಂಡಜೋಲ್ ಕೊಟ್ಟು, 14 ದಿನ ಬಿಟ್ಟು ಮತ್ತೆ ಎಣಿಸಿದಾಗ 900. ಇಷ್ಟು ವರ್ಷ ನಾನು ನಂಬಿದ್ದ ಮದ್ದು ಅದು! ಆಮೇಲೆ ಎದೆಸುತ್ತು, ಉದ್ದ ಅಳೆದು ತೂಕ ಲೆಕ್ಕ ಹಾಕಿ (ಮೊದಲೆಲ್ಲ ಕಣ್ಣಂದಾಜು) ಐವರ್‌ಮೆಕ್ಟಿನ್ ಕೊಟ್ಟರು. ಮತ್ತೆರಡು ವಾರಕ್ಕೆ ಸೊನ್ನೆ.

ಸೊನ್ನೆ ಬಂತೆಂದು ಹುಳವೇ ಇಲ್ಲ ಎನ್ನುವಂತಿಲ್ಲ. ಕರುಳಿನ ಗೋಡೆಯಲ್ಲಿ ಮಲಗಿರುವ ಮರಿಹುಳಗಳು ಮೊಟ್ಟೆಯಿಡುವುದಿಲ್ಲ. ಲಾಡಿಹುಳದ ಮೊಟ್ಟೆ ಈ ಎಣಿಕೆಗೆ ಅನೇಕ ಸಲ ಸಿಗುವುದೇ ಇಲ್ಲ. ಅದಕ್ಕೇ ಮುದುಕನಿಗೂ ವರ್ಷಕ್ಕೊಮ್ಮೆ ವೈದ್ಯರು ಹೇಳಿದ ಔಷಧಿ ಉಂಟು. ಕುದುರೆಮರಿಗಳ ಲೆಕ್ಕವೇ ಬೇರೆ, ಅವಕ್ಕೆ ಈ 200, 500 ಹೊಂದುವುದಿಲ್ಲ.

ಆ ಲೇಖನದ ಮುಂದಿನ ಕಂತು ಬರುವುದಿದ್ದರೆ, ‘ಎರಡು ತಿಂಗಳಿಗೊಮ್ಮೆ’ ಎಂಬುದನ್ನು ‘ಲದ್ದಿ ಪರೀಕ್ಷೆಯ ನಂತರ’ ಎಂದು ದಯವಿಟ್ಟು ತಿದ್ದಿ ಹಾಕಿ.

– ಕುದುರೆ ಸಾಕುವವನೊಬ್ಬ