ನಡುಮನೆ ಬಿಟ್ಟುಕೊಟ್ಟ ಚಿಕ್ಕವ್ವನಿಗೆ

ಬಿಳಿಗಿರಿರಂಗನ ಬೆಟ್ಟದ ನಮ್ಮ ಸೋಲಿಗರ ಪೋಡಿನ, ಅಂದರೆ ಹಾಡಿಯ, ಕಾಫಿಯನ್ನು ನಾವೇ ಮಾರಲು ಶುರುಮಾಡಿ ಹೋದ ವಾರಕ್ಕೆ ಒಂದು ವರ್ಷ ತುಂಬಿತು. ಸಾಲದ ಅಲೆದಾಟ, ಮುಂಗಡ ಕೊಟ್ಟವರ ಜೊತೆಗಿನ ಜಗಳ ಎಲ್ಲ ನಿಮಗೆ ಗೊತ್ತೇ ಇದೆ. ಮತ್ತೆ ಬರೆಯುವುದಿಲ್ಲ.

ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್‌ನ ಹಿರಿಯರು, ಬೀಜ ಒಣಗಿಸುವುದು ಕಲಿಸಿದ ಮೇಷ್ಟ್ರು, ಬೆಂಗಳೂರಲ್ಲಿ ಪ್ಯಾಕೆಟ್ ಹೊತ್ತು ತಿರುಗಿದ ಗೆಳೆಯರು, ಜೀಪು ಕೊಟ್ಟ ಭಾವ, ನಿಮ್ಮೆಲ್ಲರ ಋಣ ನಮ್ಮ ಮೇಲಿದೆ.

ಚಿಕ್ಕವ್ವನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು.

ಹೋದ ವರ್ಷ ಜನವರಿಯಲ್ಲಿ ಅಕಾಲದ ಮಳೆ ಬಂತಲ್ವಾ, ಆ ರಾತ್ರಿ. ಕಣದಲ್ಲಿ 11 ಮನೆಯವರ ಬೀಜ ಹರಡಿತ್ತು. ಇನ್ನೆರಡು ದಿನ ಬಿಸಿಲು ಬಿದ್ದಿದ್ದರೆ ಚೀಲಕ್ಕೆ ತುಂಬುವ ಹದ. ಟಾರ್ಪಾಲು ಗಾಳಿಗೆ ಕಿತ್ತುಹೋಯಿತು. ಕರೆಂಟ್ ಇಲ್ಲ. ಬ್ಯಾಟರಿ ಹಿಡಿದು ಮೊದಲು ಓಡಿಬಂದವಳು ಚಿಕ್ಕವ್ವ. ಮಲಗಿದ್ದ ಮೊಮ್ಮಕ್ಕಳನ್ನು ಎಬ್ಬಿಸಿ ಪಕ್ಕದ ಮನೆಗೆ ಕಳಿಸಿದಳು. ತನ್ನ ನಡುಮನೆಯಲ್ಲೇ ಬೀಜ ಹರಡಿಸಿದಳು. ಎರಡು ಗಂಟೆಗೆ ಉಳಿದವರು ಮಲಗಲು ಹೋದರು. ಅವಳು ಮೊಣಕಾಲೂರಿ ಅಂಗೈಯಲ್ಲಿ ತಿರುವುತ್ತಲೇ ಇದ್ದಳು. ಒಂದು ಹಿಡಿ ಎತ್ತಿ ಮೂಸುವಳು. ಹುಳಿ ವಾಸನೆ ಬಂದದ್ದನ್ನು ಬೇರೆ ಗುಡ್ಡೆಗೆ ಹಾಕುವಳು.

ಬೆಳಗಿನ ಜಾವ ನನಗೆ ತಡೆಯಲಾಗಲಿಲ್ಲ. ನನ್ನ ಮಾತು ನಂಬಿ ಅಷ್ಟೂ ಮನೆಯವರು ದಲ್ಲಾಳಿಗೆ ಹಣ್ಣು ಕೊಡದೆ ನಿಂತಿದ್ದರು. ಅವರಿಗೆ ಏನು ಹೇಳಲಿ? ಗೋಡೆಗೆ ಒರಗಿ ಅತ್ತುಬಿಟ್ಟೆ. ಚಿಕ್ಕವ್ವ ಸಮಾಧಾನ ಮಾಡಲಿಲ್ಲ. "ಏಳು ಮಗ, ಆ ಮೂಲೇದು ತಿರುವಾಕು" ಅಂದಳು. ಎದ್ದು ತಿರುವಿದೆ. ಎರಡು ಚೀಲ ಹಾಳಾಯಿತು. ಉಳಿದದ್ದೆಲ್ಲ ಅವಳ ಕೈಯಲ್ಲಿ ಉಳಿಯಿತು.

2006ರಲ್ಲಿ ಕಾಡಿನ ಜೇನು, ನೆಲ್ಲಿಕಾಯಿ, ಪಾಚಿ ತಂದು ಮಾರುವುದಕ್ಕೆ ತಡೆ ಬಿತ್ತು. ಆಗ ಕೊಡಗಿನ ತೋಟಕ್ಕೆ ಕೂಲಿಗೆ ಹೋದವರಲ್ಲಿ ಅವಳೂ ಒಬ್ಬಳು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಮ್ಮ ಸೋಲಿಗರ 25 ಗ್ರಾಮಸಭೆಗಳಿಗೆ ಕಾಡಿನ ಉತ್ಪನ್ನ ತಂದು ಮಾರಬಹುದಾದ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹುಲಿ ಕಾಡಿನೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಆ ಸುದ್ದಿ ಕೇಳಿ ಅವಳು ಊರಿಗೆ ವಾಪಸ್ ಬಂದಳು. ಆದರೆ ಹಕ್ಕುಪತ್ರ ಬಂದ ಮೇಲೂ ಬೆಲೆ ಹೇಳುವವರು ಹೊರಗಿನವರೇ. ಮರದ ನೆರಳಲ್ಲಿ, ರಾಸಾಯನಿಕ ಗೊಬ್ಬರ ಸೋಕಿಸದೆ ಬೆಳೆದ ನಮ್ಮ ಕಾಫಿಗೂ ಅಷ್ಟೇ. ತಕ್ಕಡಿ ಅವರದು, ಲೆಕ್ಕವೂ ಅವರದು. ಹತ್ತಿರ ಹೋಗಿ ನೋಡಿದರೆ ಗದರುತ್ತಿದ್ದರು.

ಹೋದ ವಾರ ಈ ವರ್ಷದ ಮೊದಲ ಚೀಲವನ್ನು ನಮ್ಮದೇ ತಕ್ಕಡಿಗೆ ತೂಗುಹಾಕಿದೆವು. ಚಿಕ್ಕವ್ವ ಮುಂದೆ ಬಂದು ಮುಳ್ಳಿನ ಹತ್ತಿರ ಮುಖ ಇಟ್ಟು ನಿಂತಳು. ಅದು ಅಲುಗಾಡಿ ನಿಲ್ಲುವ ತನಕ ಕಾದಳು. ಆಮೇಲೆ "ಬರಕೋ" ಅಂದಳು.

ಚಿಕ್ಕವ್ವ, ನಿನಗೆ ಓದಲು ಬರುವುದಿಲ್ಲ ಅಂತ ಗೊತ್ತು. ಸಂಜೆ ಮನೆಗೆ ಬರ್ತೀನಿ. ಕೂತು ಓದಿ ಹೇಳ್ತೀನಿ.