ರೀಡಿಂಗ್ ಬರೆಯುವವಳಿಗೆ

ಪ್ರೀತಿಯ ಪುಟ್ಟಿ,

ನಿನ್ನ ಪತ್ರದಲ್ಲಿ ಒಂದು ಸಾಲು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ‘ಲ್ಯಾಬ್‌ನಲ್ಲಿ ಹುಡುಗರು ಸರ್ಕ್ಯೂಟ್ ಜೋಡಿಸುತ್ತಾರೆ, ನಾನು ರೀಡಿಂಗ್ ಬರೆದುಕೊಳ್ಳುತ್ತೇನೆ. ನನಗೆ ಅದೇ ಸರಿ ಅನ್ನಿಸಿಬಿಟ್ಟಿದೆ ದೊಡ್ಡಮ್ಮ.’ ಅವರು ಜೋಡಿಸುತ್ತಾರೆ ಅನ್ನುವುದಕ್ಕಲ್ಲ, ನಿನಗೆ ಅದು ಸರಿ ಅನ್ನಿಸಿತಲ್ಲ, ಅದಕ್ಕೆ ಗಾಬರಿಯಾಯಿತು.

ನಾನೂ ರೀಡಿಂಗ್ ಬರೆದವಳೇ. ಅಕ್ಷರ ದುಂಡಗಿತ್ತು, ಅಷ್ಟು ನೆಪ ಸಾಕಾಯಿತು. ವಿದ್ಯುತ್ ರೋಧ ಅಳೆಯುವ ಮೀಟರ್ ಬ್ರಿಡ್ಜ್‌ನ ತಂತಿಗೆ ಜಾಕಿ ಅನ್ನುವ ಲೋಹದ ಮೊನೆ ಮುಟ್ಟಿಸುತ್ತಾ ಹೋದರೆ, ವಿದ್ಯುತ್ ಹರಿವು ತೋರಿಸುವ ಗ್ಯಾಲ್ವನೋಮೀಟರ್ ಮುಳ್ಳು ಆ ಕಡೆಯಿಂದ ಈ ಕಡೆಗೆ ತಿರುಗುತ್ತೆ. ನಡುವೆ ಎಲ್ಲೋ ಸೊನ್ನೆಗೆ ಬಂದು ನಿಲ್ಲುತ್ತೆ. ಆ ಜಾಗ ಹುಡುಕುವುದೇ ಪ್ರಯೋಗ. ಬೇರೆಯವರು ಹುಡುಕಿದರು, ನಾನು ಪಕ್ಕದಲ್ಲಿ ನಿಂತು ಸೆಂಟಿಮೀಟರ್ ಬರೆದುಕೊಂಡೆ. ರೆಕಾರ್ಡ್‌ಗೆ ಒಳ್ಳೆಯ ಅಂಕ ಬಂತು. ಆ ಸೊನ್ನೆ ಮಾತ್ರ ನನ್ನ ಕೈಗೆ ಯಾವತ್ತೂ ಸಿಗಲಿಲ್ಲ. ಈ ವಯಸ್ಸಿನಲ್ಲೂ ಅದು ಚುಚ್ಚುತ್ತೆ.

ಹುಡುಗರ ಪಾಡೂ ಅಷ್ಟೇನೂ ಚೆನ್ನಾಗಿರಲಿಲ್ಲ ಬಿಡು. ‘ಗೊತ್ತಿಲ್ಲ’ ಅನ್ನುವ ಹಾಗೇ ಇರಲಿಲ್ಲ ಅವರಿಗೆ.

ಖಗೋಳ ವಿಜ್ಞಾನಿ ಜೋಸೆಲಿನ್ ಬೆಲ್ ಗೊತ್ತಲ್ವಾ? ಉತ್ತರ ಐರ್ಲೆಂಡಿನ ಅವರ ಶಾಲೆಯಲ್ಲಿ ಹುಡುಗರನ್ನು ಲ್ಯಾಬ್‌ಗೂ ಹುಡುಗಿಯರನ್ನು ಅಡುಗೆ ಪಾಠಕ್ಕೂ ಕಳಿಸಿದರು. ಅಪ್ಪ ಅಮ್ಮ ಜಗಳ ಮಾಡಿದ ಮೇಲೆ ಲ್ಯಾಬ್‌ಗೆ ಸೇರಿಸಿಕೊಂಡರು. 1967ರಲ್ಲಿ ಕೇಂಬ್ರಿಡ್ಜ್‌ನಲ್ಲಿ, ರೇಡಿಯೋ ದೂರದರ್ಶಕದಿಂದ ಬರುತ್ತಿದ್ದ ಕಾಗದದ ಸುರುಳಿಯಲ್ಲಿ ಒಂದು ಪುಟ್ಟ ಗೀಚು ಅವರ ಕಣ್ಣಿಗೆ ಬಿತ್ತು. ಸುಮಾರು 1.3 ಸೆಕೆಂಡಿಗೊಂದು ಮಿಡಿತ. ಅದೇ ಮೊದಲ ಪಲ್ಸರ್, ಅಂದರೆ ಗರಗರ ತಿರುಗುತ್ತಾ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ. 1974ರ ನೊಬೆಲ್ ಅವರ ಗೈಡ್‌ಗೆ ಬಂತು, ಅವರಿಗಲ್ಲ. ಅದು ಬೇರೆ ಕಥೆ.

ಅವರೂ ರೀಡಿಂಗ್ ನೋಡಿದವರೇ ತಾನೇ ಅನ್ನುತ್ತೀಯ. ಹೌದು. ಆದರೆ ಆ ದೂರದರ್ಶಕ ಕಟ್ಟುವುದರಲ್ಲೂ ಅವರ ಕೈಯಿತ್ತು. ಉಪಕರಣದ ಗುಣ ಗೊತ್ತಿದ್ದವರಿಗೇ ವಿಚಿತ್ರ ಗೀಚು ಬೇಗ ಕಾಣುವುದು ಅಂತ ನನ್ನ ನಂಬಿಕೆ. ಬರೀ ಬರೆದುಕೊಂಡರೆ ಸಂಖ್ಯೆ ಸಿಗುತ್ತೆ, ಅನುಮಾನ ಹುಟ್ಟುವುದಿಲ್ಲ. ಅದಕ್ಕೇ ನಿನ್ನ ಆ ಸಾಲು ನನ್ನನ್ನು ಬಿಡುತ್ತಿಲ್ಲ.

ಏನು ಮಾಡಬೇಕು ಅಂತ ಹೇಳುವಷ್ಟು ದೊಡ್ಡವಳಲ್ಲ ನಾನು. ಮುಂದಿನ ಸಲ ನೋಟ್‌ಬುಕ್ ಸುಮ್ನೆ ಪಕ್ಕದವನ ಕೈಗೆ ಕೊಟ್ಟು ನೋಡು. ಪ್ರತಿ ಪ್ರಯೋಗಕ್ಕೂ ಕೆಲಸ ಅದಲುಬದಲು ಮಾಡಿಸಿ ಅಂತ ಮೇಡಂ ಹತ್ತಿರ ಕೇಳಬಹುದು. ಕೇಳುವುದು ಕಷ್ಟ, ಗೊತ್ತು. ಇಲ್ಲಿ ಕೂತು ಬರೆಯುವುದು ಸುಲಭ. ಮತ್ತೆ, ಜಾಕಿಯನ್ನು ತಂತಿಯ ಮೇಲೆ ಎಳೆಯಬೇಡ, ಎತ್ತಿ ಎತ್ತಿ ಮುಟ್ಟಿಸು. ಎಳೆದರೆ ತಂತಿ ಸವೆಯುತ್ತೆ. ಅಷ್ಟಂತೂ ನೋಡಿಯೇ ಕಲಿತಿದ್ದೇನೆ.

ಇಂತಿ,
ನಿನ್ನ ದೊಡ್ಡಮ್ಮ