ಹಳೆಯ ಪಾಂಟೂನ್ ದೋಣಿಗೆ ದೊಡ್ಡ ಎಂಜಿನ್: ಮೊದಲು ದೋಣಿಯ ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ಮಳೆ ಹಿಂದೆ ಸರಿದು ಹೊಳೆಗಳ ಕೆಂಪು ನೀರು ತಿಳಿಯಾಗುತ್ತಿದ್ದಂತೆ ಕರಾವಳಿಯ ಅಳಿವೆಗಳಲ್ಲೂ ಮಲೆನಾಡಿನ ಹಿನ್ನೀರುಗಳಲ್ಲೂ ಪ್ರವಾಸಿ ದೋಣಿಗಳು ಮತ್ತೆ ನೀರಿಗಿಳಿಯುತ್ತವೆ. ದೋಣಿ ಎಂಜಿನ್‌ಗಳ ದುರಸ್ತಿಯನ್ನೇ ಕಸುಬಾಗಿ ಮಾಡಿಕೊಂಡಿರುವ ನನ್ನ ಬಳಿ ಈ ದಿನಗಳಲ್ಲಿ ಬರುವ ಮಾಲೀಕರಲ್ಲಿ ಹೆಚ್ಚಿನವರದು ಒಂದೇ ಬೇಡಿಕೆ: ‘ಈಗಿರುವ ಎಂಜಿನ್ ಎಳೆಯುವುದಿಲ್ಲ, ಇದಕ್ಕಿಂತ ದೊಡ್ಡದನ್ನು ಕೂರಿಸಿಕೊಡಿ.’ ಸಾದಾ ದೋಣಿಯಾದರೆ ನನಗೆ ಅಷ್ಟು ಆತಂಕವಿಲ್ಲ. ಆದರೆ ಎರಡು ಉದ್ದನೆಯ ಕೊಳವೆಗಳ ಮೇಲೆ ಹಾಸು ಹಾಕಿ, ಸುತ್ತ ಕಟಕಟೆ ನಿಲ್ಲಿಸಿ, ಮೇಲೊಂದು ಚಪ್ಪರ ಕಟ್ಟಿದ ಪಾಂಟೂನ್ ದೋಣಿಗಳಿಗೆ, ಅದರಲ್ಲೂ ಬೇರೆಡೆ ಓಡಿ ಹಳತಾದ ಮೇಲೆ ಕೈ ಬದಲಿಸಿ ನಮ್ಮ ನೀರಿಗೆ ಬಂದಿರುವ ದೋಣಿಗಳಿಗೆ, ಯಾವ ಲೆಕ್ಕಾಚಾರವೂ ಇಲ್ಲದೆ ಎರಡು ಪಟ್ಟು ಶಕ್ತಿಯ ಎಂಜಿನ್ ಏರಿಸುವುದು ನಡೆಯುತ್ತಿದೆ. ಅದರ ಬಗ್ಗೆ ಮಾಲೀಕರ ಮತ್ತು ಬಂದರು ಇಲಾಖೆಯ ಗಮನ ಸೆಳೆಯಲು ಈ ಪತ್ರ.

ಪಾಂಟೂನ್ ದೋಣಿಯ ಬಲವೆಲ್ಲ ಆ ಕೊಳವೆಗಳ ಗಾತ್ರದಲ್ಲಿದೆ. ಆರು ಮೀಟರ್ ಉದ್ದ, 60 ಸೆಂಟಿಮೀಟರ್ ಅಡ್ಡಳತೆಯ ಎರಡು ಕೊಳವೆಗಳು ಪೂರ್ತಿ ಮುಳುಗಿದರೆ ಸುಮಾರು 3.4 ಟನ್ ಭಾರವನ್ನು ಎತ್ತಿ ಹಿಡಿಯುತ್ತವೆ. ಹಳೆಯ ಕಾಲದ ಸಣ್ಣ ಕೊಳವೆಗಳಂತೆ ಅಡ್ಡಳತೆ 45 ಸೆಂಟಿಮೀಟರ್ ಇದ್ದರೆ ಅದೇ ಉದ್ದಕ್ಕೆ ಎತ್ತುವ ಭಾರ ಸುಮಾರು 1.9 ಟನ್ನಿಗೆ ಇಳಿಯುತ್ತದೆ. ಅಡ್ಡಳತೆ ಕಾಲು ಭಾಗ ಕಡಿಮೆಯಾದರೆ ತೇಲುವ ಶಕ್ತಿ ಹತ್ತಿರಹತ್ತಿರ ಅರ್ಧ ಹೋಗುತ್ತದೆ ಎಂಬುದು ನೋಡಿದ ಮಾತ್ರಕ್ಕೆ ಹೊಳೆಯುವ ಸಂಗತಿಯಲ್ಲ. ತುಂಬು ಭಾರದಲ್ಲೂ ಕೊಳವೆ ಅರ್ಧದ ಆಸುಪಾಸಿನಲ್ಲಷ್ಟೇ ಮುಳುಗಿರಬೇಕೆಂಬುದು ಈ ಕಸುಬಿನವರು ಪಾಲಿಸುವ ಎಚ್ಚರ. ಹಾಗೆ ನೋಡಿದರೆ ಸಣ್ಣ ಕೊಳವೆಯ ದೋಣಿಗೆ ಸಿಗುವುದು ಒಂದು ಟನ್ನಿನೊಳಗಿನ ಅವಕಾಶ. ಹಾಸು, ಆಸನ, ಚಪ್ಪರ, ಹತ್ತು ಮಂದಿ ಪ್ರವಾಸಿಗರು ಇಷ್ಟಕ್ಕೇ ಅದು ಮುಗಿದುಹೋಗಿರುತ್ತದೆ.

ಇಂಥ ದೋಣಿಯ ಹಿಂಬದಿಗೆ ನಾವು ತೂಗುಹಾಕುವುದೇನು? 25 ಎಚ್.ಪಿ.ಯ ಹಳೆಯ ಟು-ಸ್ಟ್ರೋಕ್ ಎಂಜಿನ್ ಐವತ್ತು ಕಿಲೋದ ಆಸುಪಾಸಿನದಾದರೆ, 60 ಎಚ್.ಪಿ.ಯ ಫೋರ್-ಸ್ಟ್ರೋಕ್ ಎಂಜಿನ್ ನೂರಹತ್ತು ಕಿಲೋ ದಾಟುತ್ತದೆ. ಅದರ ಜೊತೆಗೆ ದೊಡ್ಡ ಬ್ಯಾಟರಿ, ದೊಡ್ಡ ಇಂಧನ ಟ್ಯಾಂಕ್ ಬರುತ್ತವೆ. ಈ ಭಾರ ದೋಣಿಯ ನಡುವೆ ಹಂಚಿಹೋಗದೆ ತುದಿಯಲ್ಲೇ ನಿಲ್ಲುವುದರಿಂದ ಕೊಳವೆಗಳ ಹಿಂಬದಿ ತಗ್ಗಿ ಮೂತಿ ಮೇಲೇಳುತ್ತದೆ. ಆಗ ಚಾಲಕರು ಸಮ ಮಾಡಲೆಂದು ಜನರನ್ನು ಮುಂದಕ್ಕೆ ಕೂರಿಸುತ್ತಾರೆ. ವೇಗದಲ್ಲಿ ಹೋಗುತ್ತಿದ್ದ ದೋಣಿ ಥಟ್ಟನೆ ವೇಗ ಇಳಿಸಿದಾಗ, ಅಥವಾ ಎದುರಿನಿಂದ ಬಂದ ದೋಣಿಯ ಅಲೆಗೆ ಸಿಕ್ಕಾಗ, ಮುಂದೆ ಜನ ಗುಂಪುಗೂಡಿದ ಆ ಮೂತಿ ನೀರಿನೊಳಗೆ ಕುಸಿಯುತ್ತದೆ, ಹಾಸಿನ ಮೇಲೆ ನೀರು ಹರಿಯುತ್ತದೆ.

ಭಾರಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಎಂಜಿನ್ ಕೂರುವ ಜಾಗ. ಎಂಜಿನ್ನಿನ ತಳ್ಳುಬಲವೆಲ್ಲ ಹಿಂಬದಿಯ ಹಲಗೆಗೆ ಬಂದು, ಅಲ್ಲಿಂದ ಹಾಸಿನ ಕೆಳಗಿನ ಅಡ್ಡಪಟ್ಟಿಗಳಿಗೆ, ಕೊಳವೆಯ ಮೇಲಿನ ಬೆಸುಗೆಗಳಿಗೆ ಹೋಗಬೇಕು. ಈಚೆಗೆ ಹೀಗೆಯೇ ದೊಡ್ಡ ಎಂಜಿನ್ನಿಗಾಗಿ ದಡಕ್ಕೆ ಎಳೆದಿದ್ದ ಒಂದು ದೋಣಿಯನ್ನು ನೋಡಿದೆ. ಹೊರಗಿನಿಂದ ಹೊಸ ಬಣ್ಣ ಮಿರಿಮಿರಿ ಹೊಳೆಯುತ್ತಿತ್ತು. ಎಂಜಿನ್ ಬಿಚ್ಚಿ ಹಲಗೆಯ ಬೋಲ್ಟ್‌ಗಳನ್ನು ಹೊರಗೆಳೆದಾಗ ರಂಧ್ರಗಳ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರಿತು. ಉಪ್ಪುನೀರಿನಲ್ಲಿ ಸ್ಟೀಲ್ ಬೋಲ್ಟೂ ಅಲ್ಯೂಮಿನಿಯಮ್ಮೂ ನೇರವಾಗಿ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ಬೇರ್ಪಡಿಸುವ ವಾಷರ್ ಹಾಕುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಒಳಗಿನ ಪ್ಲೈವುಡ್ಡಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು. ಅಡ್ಡಪಟ್ಟಿಯೊಂದರ ಬೆಸುಗೆಯ ಮೇಲೆ ಕೂದಲೆಳೆಯಂಥ ಬಿರುಕು ಬಣ್ಣದಡಿಯಲ್ಲಿ ಅಡಗಿತ್ತು. ಆಮೇಲೆ ಬಲಗಡೆಯ ಕೊಳವೆಯ ಹಿಂದಿನ ತಿರುಪು ಮುಚ್ಚಳ ತೆಗೆದಾಗ ಕೆಸರು ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು. ಎಂಜಿನ್ ಎಳೆಯುತ್ತಿಲ್ಲ ಎಂಬ ದೂರಿಗೆ ಅರ್ಧ ಉತ್ತರ ಆ ನೀರಿನಲ್ಲೇ ಇತ್ತು. ಒಂದು ಲೀಟರ್ ನೀರೆಂದರೆ ಒಂದು ಕಿಲೋ; ಕೊಳವೆಯೊಳಗೆ ಸೇರಿದ ನೀರು ತೂಕವಷ್ಟೇ ಅಲ್ಲ, ದೋಣಿ ಓಲಾಡಿದತ್ತ ತಾನೂ ಸರಿದು ಓಲಾಟವನ್ನು ಹೆಚ್ಚಿಸುವಂಥದ್ದು.

ಎಂಜಿನ್ ದೊಡ್ಡದಾದರೆ ವೇಗ ಅದೇ ಲೆಕ್ಕದಲ್ಲಿ ಹೆಚ್ಚುತ್ತದೆಂಬ ನಂಬಿಕೆಯೂ ಸರಿಯಲ್ಲ. ವೇಗದಲ್ಲಿ ಮೇಲಕ್ಕೆತ್ತುವ ಎತ್ತುಪಟ್ಟಿಗಳು ಕೆಳಗಿಲ್ಲದ ಎರಡು ಕೊಳವೆಯ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ಸ್ಪೀಡ್‌ಬೋಟಿನಂತೆ ನೀರಿನ ಮೇಲೇರಿ ಜಾರುವುದಿಲ್ಲ. ಒಂದು ಮಿತಿಯಾಚೆಗೆ ಹಾಕಿದ ಶಕ್ತಿಯೆಲ್ಲ ದೊಡ್ಡ ಅಲೆ ಎಬ್ಬಿಸಲು, ದಡ ಕೊರೆಯಲು, ಪೆಟ್ರೋಲ್ ಸುಡಲು ವ್ಯಯವಾಗುತ್ತದೆ. ಆದ್ದರಿಂದ ಮಾಲೀಕರು ಮೊದಲು ಕೊಳವೆಗಳ ನೀರು ಬಸಿದು ಸೋರಿಕೆ ಮುಚ್ಚಲಿ. ತಳಕ್ಕೆ ಕಚ್ಚಿಕೊಂಡ ಪಾಚಿ, ಚಿಪ್ಪುಗಳನ್ನು ಕೆರೆದು ತೆಗೆಯಲಿ. ಆಮೇಲೆ ಪ್ರೊಪೆಲ್ಲರ್ ನೋಡಲಿ. ತುಂಬು ಭಾರದಲ್ಲಿ ಪೂರ್ಣ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ತಯಾರಕರು ಹೇಳಿದ ಸುತ್ತುಗಳನ್ನು, ಸಾಮಾನ್ಯವಾಗಿ ನಿಮಿಷಕ್ಕೆ 5,000ದಿಂದ 6,000ವನ್ನು, ಮುಟ್ಟಬೇಕು. ಅದಕ್ಕಿಂತ ಬಹಳ ಕೆಳಗೆ ನಿಂತರೆ ಪ್ರೊಪೆಲ್ಲರಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ, ಆ ದೋಣಿಗೆ ಹೆಚ್ಚಾಯಿತೆಂದು ಅರ್ಥ. ಹಗುರ ಮೀನುಗಾರಿಕೆ ದೋಣಿಗೆಂದು ಹಾಕಿದ್ದ ಪ್ರೊಪೆಲ್ಲರನ್ನೇ ಭಾರದ ಪಾಂಟೂನಿಗೂ ಬಳಸುವುದನ್ನು ನಾನು ಕಂಡಿದ್ದೇನೆ. ಕಡಿಮೆ ಪಿಚ್ಚಿನ, ಅಗಲ ಎಲೆಗಳ ಪ್ರೊಪೆಲ್ಲರ್ ಹಾಕಿದರೆ ಅದೇ ಎಂಜಿನ್ ಚೆನ್ನಾಗಿ ತಳ್ಳುತ್ತದೆ. ಅದೂ ಸಾಲದಿದ್ದರೆ, ಅಷ್ಟೇ ಎಚ್.ಪಿ. ಇದ್ದರೂ ದೊಡ್ಡ ಗೇರ್‌ಪೆಟ್ಟಿಗೆಯಿಂದ ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುವ, ಭಾರದ ದೋಣಿಗಳಿಗೆಂದೇ ಮಾಡಿದ ಎಂಜಿನ್‌ಗಳು ಇವೆ.

ಹಾಗೆಂದು ದೊಡ್ಡ ಎಂಜಿನ್ ಯಾವಾಗಲೂ ತಪ್ಪೆಂದು ನಾನು ಹೇಳುತ್ತಿಲ್ಲ. ಅಳಿವೆಯ ಹತ್ತಿರ ಇಳಿತದ ಹೊತ್ತಿನಲ್ಲಿ ಹೊಳೆಯ ಸೆಳೆತಕ್ಕೆ ಎದುರಾಗಿ ಬರಲಾಗದ ದುರ್ಬಲ ಎಂಜಿನ್ನೂ ಪ್ರಾಣಕ್ಕೆ ಕುತ್ತೇ. ಅಂಥಲ್ಲಿ ಶಕ್ತಿ ಹೆಚ್ಚಿಸಬೇಕಾದರೆ ಹಿಂಬದಿಯ ಹಲಗೆಯನ್ನೂ ಅಡ್ಡಪಟ್ಟಿಗಳನ್ನೂ ಹೊಸದಾಗಿ ಕಟ್ಟಬೇಕು, ಹೆಚ್ಚಿದ ಭಾರಕ್ಕೆ ತಕ್ಕಂತೆ ಜನರನ್ನು ಕಡಿಮೆ ಮಾಡಬೇಕು, ಎಂಜಿನ್ನಿನಿಂದ ಕೆಳಗೆ ಪ್ರೊಪೆಲ್ಲರಿನತ್ತ ಇಳಿಯುವ ದಂಡದ ಉದ್ದ ಹಲಗೆಯ ಎತ್ತರಕ್ಕೆ ಹೊಂದಬೇಕು. ಸಣ್ಣ ಎಂಜಿನ್ನಿಗೆಂದು ಹಾಕಿದ ಸ್ಟೀರಿಂಗ್ ಕೇಬಲ್ ದೊಡ್ಡದರ ಸೆಳೆತ ತಡೆಯುವುದಿಲ್ಲ, ಅದನ್ನೂ ಬದಲಿಸಬೇಕು. ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಕೆಂಪು ಹಗ್ಗ ಅವನ ಮೈಗೆ ಸಿಕ್ಕಿಸಿರಬೇಕೇ ಹೊರತು ಎಂಜಿನ್ನಿನ ಮೇಲೆ ಸುತ್ತಿಟ್ಟಿರಬಾರದು.

ಪಾಂಟೂನ್ ದೋಣಿಗಳು ಹೆಚ್ಚು ಬಳಕೆಯಲ್ಲಿರುವ ಅಮೆರಿಕದಲ್ಲಿ ಎಷ್ಟು ಜನ, ಒಟ್ಟು ಎಷ್ಟು ಭಾರ, ಗರಿಷ್ಠ ಎಷ್ಟು ಎಚ್.ಪಿ. ಎಂದು ಬರೆದ ತಗಡನ್ನು ದೋಣಿಗೆ ಜಡಿಯುತ್ತಾರೆ. 20 ಅಡಿಗಿಂತ ಚಿಕ್ಕದಾದ ಒಂಟಿ ಒಡಲಿನ ದೋಣಿಗಳಿಗೆ ಅಲ್ಲಿ ಅದು ಕಾನೂನು. ಪಾಂಟೂನ್‌ಗಳಿಗೆ ಕಾನೂನಿನ ಕಡ್ಡಾಯವಿಲ್ಲದಿದ್ದರೂ ಉದ್ಯಮದ ಮಾನದಂಡಕ್ಕೆ ಒಳಪಟ್ಟ ತಯಾರಕರು ಹಾಕುತ್ತಾರೆ. ನಮ್ಮಲ್ಲಿ ಕೈ ಬದಲಿಸಿದ ಹಳೆಯ ದೋಣಿಗಳಲ್ಲಿ ಅಂಥ ತಗಡು ಇದ್ದರೂ ಬಣ್ಣದಡಿ ಮುಚ್ಚಿಹೋಗಿರುತ್ತದೆ.

ನಮ್ಮಲ್ಲಿ ಕಾನೂನೇ ಇಲ್ಲವೆಂದಲ್ಲ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆ, ಯಂತ್ರಚಾಲಿತ ದೋಣಿಗಳಿಗೆ ನೋಂದಣಿ, ಸರ್ವೆ (ದೋಣಿಯ ತಪಾಸಣೆ), ವಿಮೆಯನ್ನು ವಿಧಿಸುವುದಲ್ಲದೆ, ದೋಣಿಯ ಗಟ್ಟಿತನ, ಸ್ಥಿರತೆ ಅಥವಾ ಸುರಕ್ಷತೆಯ ಮೇಲೆ ಪರಿಣಾಮ ಬೀರುವ ಮಾರ್ಪಾಡಿಗೆ ಮೊದಲೇ ಒಪ್ಪಿಗೆ ಪಡೆಯಬೇಕೆಂದು ಹೇಳುತ್ತದೆ. ಆದರೆ ಎಂಜಿನ್ ಬದಲಾವಣೆಯನ್ನು ಮಾರ್ಪಾಡೆಂದು ಬಗೆಯುವವರು ನಮ್ಮ ದಡಗಳಲ್ಲಿ ವಿರಳ. ಮೊಬೈಲ್ ಬದಲಿಸಿದಷ್ಟು ಸಲೀಸಾಗಿ ಅದು ನಡೆಯುತ್ತದೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿದ್ದನ್ನು ನಮ್ಮ ಜಿಲ್ಲೆ ಮರೆತಿಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿಯನ್ನು ಬಲಿ ಪಡೆದದ್ದು ಮೀನುಗಾರಿಕೆಯಿಂದ ಪ್ರವಾಸಕ್ಕೆ ಮಾರ್ಪಡಿಸಿದ ದೋಣಿ. ಈ ಎರಡು ದುರಂತಗಳಿಗೆ ಎಂಜಿನ್ ಕಾರಣವೆಂದು ನಾನು ಹೇಳುತ್ತಿಲ್ಲ. ದೋಣಿ ಹೊರಬಲ್ಲದ್ದು ಎಷ್ಟೆಂಬ ಪ್ರಶ್ನೆಯನ್ನು ನಾವು ಜನ ಮುಳುಗಿದ ಮೇಲಷ್ಟೇ ಕೇಳುತ್ತೇವೆ ಎಂಬುದೇ ನನ್ನ ಸಂಕಟ.

ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟು. ಪ್ರವಾಸಿ ದೋಣಿಯ ಎಂಜಿನ್ ಶಕ್ತಿ ಹೆಚ್ಚಾದರೆ ಅದನ್ನು ಮಾರ್ಪಾಡೆಂದೇ ಪರಿಗಣಿಸಿ ಮರು ಸರ್ವೆ ಮಾಡಲಿ, ಸರ್ವೆಯ ದಿನ ಕೊಳವೆಗಳ ಮುಚ್ಚಳ ತೆಗೆಸಿ, ಹಲಗೆಯ ಬೋಲ್ಟ್ ಬಿಚ್ಚಿಸಿ ನೋಡಲಿ, ಗರಿಷ್ಠ ಎಚ್.ಪಿ. ಮತ್ತು ಜನರ ಸಂಖ್ಯೆಯನ್ನು ಹತ್ತುವ ಬಾಗಿಲ ಪಕ್ಕದಲ್ಲೇ ಕನ್ನಡದಲ್ಲಿ ದೊಡ್ಡದಾಗಿ ಬರೆಸಲಿ. ಹೊಸ ಎಂಜಿನ್ನಿನ ಓಟದ ಪರೀಕ್ಷೆಯನ್ನು ಜನರಿಲ್ಲದ ನೀರಿನಲ್ಲಿ, ಜನರ ಬದಲು ಮರಳಿನ ಚೀಲಗಳನ್ನು ಹೇರಿ ಮಾಡುವುದನ್ನು ಕಡ್ಡಾಯಗೊಳಿಸಲಿ. 2024ರ ಡಿಸೆಂಬರ್ 18ರಂದು ಮುಂಬೈ ಬಂದರಿನಲ್ಲಿ ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದ ದೋಣಿ ಹತೋಟಿ ತಪ್ಪಿ ಪ್ರವಾಸಿಗರ ದೋಣಿಗೆ ಬಡಿದು ಹಲವರು ಪ್ರಾಣ ಕಳೆದುಕೊಂಡದ್ದು ಎಲ್ಲರಿಗೂ ನೆನಪಿದೆ. ಈ ಹಂಗಾಮಿನಲ್ಲಿ ದೋಣಿಗಳು ನೀರಿಗಿಳಿಯುವ ಮುನ್ನವೇ ಇಲಾಖೆ ಈ ಬಗ್ಗೆ ಸುತ್ತೋಲೆ ಹೊರಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಒಬ್ಬ ದೋಣಿ ಎಂಜಿನ್ ದುರಸ್ತಿಗಾರ, ಉತ್ತರ ಕನ್ನಡ ಜಿಲ್ಲೆ